ನಕ್ಷೆಗೆ ಹಸಿರು ಬಳಿದರೆ ಹೊಲ ಉಳಿಯದು

ಮಾನ್ಯರೇ,

ದೇವನಹಳ್ಳಿ ತಾಲ್ಲೂಕು ಚನ್ನರಾಯಪಟ್ಟಣ ಹೋಬಳಿಯ 1,777 ಎಕರೆ ಭೂಸ್ವಾಧೀನವನ್ನು ಕೈಬಿಡುವುದಾಗಿ ಸರ್ಕಾರ 2025ರ ಜುಲೈನಲ್ಲಿ ಪ್ರಕಟಿಸಿತು. ರೈತರು ಗೆದ್ದರು, ನಿಜ. ಆದರೆ ಅಲ್ಲಿನ ಮಣ್ಣಿಗೆ ರಕ್ಷಣೆ ಸಿಕ್ಕಿಲ್ಲ. ಸರ್ಕಾರ ಬಲವಂತವಾಗಿ ಕೊಳ್ಳುವುದಿಲ್ಲ ಎಂಬಷ್ಟೇ ಆ ಘೋಷಣೆಯ ಅರ್ಥ. ಇಷ್ಟಪಟ್ಟು ಕೊಡುವವರಿಂದ ಪಡೆಯುತ್ತೇವೆ ಎಂಬ ಮಾತೂ ಅದರ ಜೊತೆಗೇ ಬಂದಿತ್ತು. ಭೂ ಸುಧಾರಣಾ ಕಾಯ್ದೆಯ 79ಎ, 79ಬಿ ಕಲಂಗಳು 2020ರಲ್ಲೇ ಹೋದವು. ಕೃಷಿಕರಲ್ಲದವರೂ ಈಗ ಹೊಲ ಕೊಳ್ಳಬಹುದು. ಕೊಂಡವರಿಗೆ ಭೂ ಕಂದಾಯ ಕಾಯ್ದೆಯ 95ನೇ ಕಲಂ ಅಡಿ ಅಲಿನೇಷನ್, ಅಂದರೆ ಕೃಷಿಯೇತರ ಬಳಕೆಗೆ ಪರಿವರ್ತನೆಯ ದಾರಿ ತೆರೆದಿದೆ. ಮಹಾಯೋಜನೆಯಲ್ಲಿ (ಮಾಸ್ಟರ್ ಪ್ಲಾನ್) ‘ಕೃಷಿ ವಲಯ’ ಎಂದಿದ್ದರೆ ಭೂಬಳಕೆ ಬದಲಾವಣೆಗೆ ನಗರ ಮತ್ತು ಗ್ರಾಮಾಂತರ ಯೋಜನಾ ಕಾಯ್ದೆಯ 14ಎ ಇದೆ. ಅದೂ ಬೇಡವೆಂದರೆ ಮುಂದಿನ ಪರಿಷ್ಕರಣೆಯವರೆಗೆ ಕಾದರಾಯಿತು, ನಕ್ಷೆಯಲ್ಲಿ ಕೃಷಿಯ ಹಸಿರು ವಸತಿಯ ಹಳದಿಯಾಗುತ್ತದೆ.

ವಲಯ ನಕ್ಷೆಯ ದೊಡ್ಡ ದೋಷವೆಂದರೆ ಅದು ರೈತನಿಗೆ ಬಿಡಿಗಾಸೂ ಕೊಡದೆ ಅವನ ಜಮೀನಿನ ಬೆಲೆ ಇಳಿಸುತ್ತದೆ. ಹಾಗಾಗಿ ವಲಯ ಬದಲಿಸಿ ಎಂದು ಮೊದಲು ಅರ್ಜಿ ಹಾಕುವವನೂ ರೈತನೇ. ಇದಕ್ಕೆ ಅಮೆರಿಕದಲ್ಲಿ 50 ವರ್ಷಗಳಿಂದ ಬಳಕೆಯಲ್ಲಿರುವ ಪರಿಹಾರ ಕನ್ಸರ್ವೇಷನ್ ಈಸ್‌ಮೆಂಟ್. ರೈತ ಜಮೀನು ಮಾರುವುದಿಲ್ಲ, ಅದರಲ್ಲಿ ಬಡಾವಣೆ ಕಟ್ಟುವ ಹಕ್ಕನ್ನಷ್ಟೇ ಸರ್ಕಾರಕ್ಕೋ ಟ್ರಸ್ಟ್‌ಗೋ ಮಾರುತ್ತಾನೆ; ಕೊಂಡವರೂ ಅಲ್ಲಿ ಕಟ್ಟುವಂತಿಲ್ಲ. ಉಳುತ್ತಾನೆ, ಬೇಕಾದರೆ ಇನ್ನೊಬ್ಬರಿಗೆ ಮಾರುತ್ತಾನೆ, ಮಕ್ಕಳಿಗೆ ಬಿಡುತ್ತಾನೆ. ಯಾರ ಕೈಗೆ ಹೋದರೂ ನಿರ್ಬಂಧ ಜಮೀನಿನ ಜೊತೆಗೇ ಹೋಗುತ್ತದೆ. ಈ ಹಕ್ಕನ್ನು ಹಣ ಕೊಟ್ಟು ಕೊಳ್ಳುವ ಕಾನೂನನ್ನು ನ್ಯೂಯಾರ್ಕ್ ರಾಜ್ಯದ ಸಫೋಕ್ ಕೌಂಟಿ 1974ರಲ್ಲಿ ಮಾಡಿತು. ಮೇರಿಲ್ಯಾಂಡ್, ಪೆನ್ಸಿಲ್ವೇನಿಯಾ ಅದೇ ಹಾದಿ ಹಿಡಿದವು. 2014ರ ಫಾರ್ಮ್ ಬಿಲ್ ನಂತರದ ಯೋಜನೆಯಲ್ಲಿ ಅಮೆರಿಕದ ಕೇಂದ್ರ ಸರ್ಕಾರ ಸಾಮಾನ್ಯವಾಗಿ ಹಕ್ಕಿನ ಮೌಲ್ಯದ ಅರ್ಧದವರೆಗೆ ಕೊಡುತ್ತದೆ. ಉಳಿದದ್ದನ್ನು ರಾಜ್ಯ, ಕೌಂಟಿ, ಟ್ರಸ್ಟ್‌ಗಳು ಹೊಂದಿಸಬೇಕು.

ಬೆಲೆಯ ಲೆಕ್ಕ ಸರಳ: ಲೇಔಟ್‌ನವರು ಕೊಡುವ ದರದಲ್ಲಿ ಬೇಸಾಯಕ್ಕಷ್ಟೇ ಬರುವ ಜಮೀನಿನ ದರ ಕಳೆಯಬೇಕು. ಎಕರೆಗೆ 2 ಕೋಟಿ ರೂಪಾಯಿ ಇರುವಲ್ಲಿ ಬರೀ ಬೇಸಾಯದ ಬೆಲೆ 40 ಲಕ್ಷ ಎಂದಿಟ್ಟುಕೊಂಡರೆ ಹಕ್ಕಿನ ಬೆಲೆ 1.6 ಕೋಟಿ. ಅದೇ ದರದಲ್ಲಿ 1,777 ಎಕರೆಗೆ 2,843 ಕೋಟಿ ಬೇಕು. ಯಾವ ಖಜಾನೆಯೂ ಇದಕ್ಕೆ ಒಪ್ಪದು. ದರ 15 ಲಕ್ಷ, ಬೇಸಾಯದ ಬೆಲೆ 9 ಲಕ್ಷ ಇರುವ ದೂರದ ಹೋಬಳಿಯಲ್ಲಾದರೆ ಎಕರೆಗೆ 6 ಲಕ್ಷ ಸಾಕು. ಅಂದರೆ ಇದು ರಿಂಗ್ ರೋಡಿನ ಘೋಷಣೆಗೆ ಮೊದಲು ಮಾಡಬೇಕಾದ ಕೆಲಸ. ಬ್ರೋಕರ್ ಬಂದು ಹೋದ ಮೇಲೆ ತಡ.

ಊರಿಗೆ ಹತ್ತಿರದ ಜಮೀನಿಗೆ ಟಿಡಿಆರ್ ಮಾರ್ಗವಿದೆ, ಅಂದರೆ ಒಂದು ಕಡೆ ಕಟ್ಟುವ ಹಕ್ಕನ್ನು ಇನ್ನೊಂದು ಕಡೆಗೆ ವರ್ಗಾಯಿಸುವುದು. ಮೇರಿಲ್ಯಾಂಡಿನ ಮಾಂಟ್‌ಗೊಮರಿ ಕೌಂಟಿ 1980ರಲ್ಲಿ ಕೃಷಿ ಮೀಸಲು ಪ್ರದೇಶದಲ್ಲಿ 25 ಎಕರೆಗೆ ಒಂದೇ ಮನೆ ಎಂದು ಬಿಗಿ ಮಾಡಿತು. ಬದಲಿಗೆ 5 ಎಕರೆಗೆ ಒಂದರಂತೆ ಮಾರಬಹುದಾದ ಹಕ್ಕು ಕೊಟ್ಟಿತು. ಪೇಟೆಯ ಬಿಲ್ಡರ್‌ಗಳು ಅದನ್ನು ಕೊಂಡು, ಗುರುತಿಸಿದ ಬೇರೆ ಜಾಗದಲ್ಲಿ ಹೆಚ್ಚು ಮನೆ ಕಟ್ಟಿಕೊಂಡರು. ಸರ್ಕಾರದ ಜೇಬಿನಿಂದ ಹೆಚ್ಚೇನೂ ಹೋಗಲಿಲ್ಲ. ಆದರೆ ಸರ್ಕಾರವೇ ಇನ್ನೊಂದು ಕಿಟಕಿಯಲ್ಲಿ ಹೆಚ್ಚುವರಿ ಎಫ್‌ಎಆರ್ (ನಿವೇಶನದಲ್ಲಿ ಎಷ್ಟು ಕಟ್ಟಬಹುದೆಂಬ ಮಿತಿ) ಅನ್ನು ಶುಲ್ಕಕ್ಕೆ ಮಾರುತ್ತಾ ಕುಳಿತರೆ ರೈತನ ಟಿಡಿಆರ್ ಕೇಳುವವರು ಯಾರು?

ನಮ್ಮಲ್ಲಿ ತೊಡಕು ಇರುವುದು ಕಾನೂನಿನಲ್ಲಿ. 1882ರ ಈಸ್‌ಮೆಂಟ್ ಕಾಯ್ದೆಯ 4ನೇ ಕಲಂ ಪ್ರಕಾರ ಈಸ್‌ಮೆಂಟ್ ಹಕ್ಕು ಹೊಂದಲು ಪ್ರಯೋಜನ ಪಡೆಯುವ ಜಮೀನೊಂದು ಇರಲೇಬೇಕು. ಪಕ್ಕದವರ ಹೊಲದಲ್ಲಿ ನಮಗೆ ಬಂಡಿದಾರಿಯ ಹಕ್ಕು ಬರುವುದು ಅದರಾಚೆ ನಮ್ಮ ಹೊಲ ಇರುವುದರಿಂದ. ಹತ್ತಿರದಲ್ಲಿ ಗುಂಟೆ ಜಮೀನೂ ಇಲ್ಲದ ಟ್ರಸ್ಟ್ ಅಥವಾ ಪ್ರಾಧಿಕಾರ ಆ ಹಕ್ಕನ್ನು ಹಿಡಿಯಲಾರದು. ಆಸ್ತಿ ವರ್ಗಾವಣೆ ಕಾಯ್ದೆಯ 40ನೇ ಕಲಂ ಕೂಡ ‘ತನ್ನ ಸ್ವಂತ ಸ್ಥಿರಾಸ್ತಿಯ’ ಅನುಕೂಲಕ್ಕಾಗಿ ಎಂದೇ ಹೇಳುತ್ತದೆ. ಹಾಗೆಂದು ದೆಹಲಿಯತ್ತ ನೋಡಬೇಕಿಲ್ಲ: ಜಮೀನಿನ ಮೇಲಿನ ಹಕ್ಕು, ಕೃಷಿ ಜಮೀನಿನ ಪರಭಾರೆ ಎರಡೂ ಸಂವಿಧಾನದ 7ನೇ ಅನುಸೂಚಿಯ ರಾಜ್ಯ ಪಟ್ಟಿಯ 18ನೇ ಬಾಬಿನಲ್ಲಿವೆ. ಕೇರಳ 2008ರಲ್ಲಿ ಗದ್ದೆ ಮತ್ತು ಜೌಗು ಭೂಮಿಗೆ, ತಮಿಳುನಾಡು 2020ರಲ್ಲಿ ಕಾವೇರಿ ಮುಖಜ ಭೂಮಿಗೆ ತಮ್ಮದೇ ಕಾಯ್ದೆ ಮಾಡಿಕೊಂಡಿವೆ. ಕೇರಳ 2020ರಿಂದ ಗದ್ದೆ ಉಳಿಸಿಕೊಂಡವರಿಗೆ ಹೆಕ್ಟೇರಿಗೆ ವರ್ಷಕ್ಕೆ 2,000 ರೂಪಾಯಿ ರಾಯಧನ ಕೊಡಲಾರಂಭಿಸಿತು. ಮರ್ಯಾದೆಗೆ ಚೆನ್ನ, ಸೈಟಿನ ದರದ ಮುಂದೆ ನಿಲ್ಲದು.

ಕಾಯ್ದೆ ಬಂದರೂ ಕರಾರು ಪತ್ರ ಸಡಿಲವಿದ್ದರೆ ಕೆಲಸ ಕೆಟ್ಟಂತೆ. ಸರ್ವೆ ನಂಬರ್, ಹಿಸ್ಸಾ, 11ಇ ನಕ್ಷೆ (ನೋಂದಣಿಗೆ ಮೊದಲು ಮಾಡಿಸುವ ಅಳತೆ ನಕ್ಷೆ) ಇಲ್ಲದೆ ನೋಂದಣಿ ಬೇಡ. ಪೋಡಿಯಾಗದ, ಅಂದರೆ ಅಳೆದು ಭಾಗ ಮಾಡದ ಜಮೀನಿನಲ್ಲಿ ಯಾವ ಎಕರೆಗೆ ನಿರ್ಬಂಧ ಎಂಬುದೇ ಮುಂದೆ ವ್ಯಾಜ್ಯವಾಗುತ್ತದೆ. ಪಿತ್ರಾರ್ಜಿತವಾದರೆ ಹೆಣ್ಣುಮಕ್ಕಳೂ ಸೇರಿ ಎಲ್ಲ ಹಕ್ಕುದಾರರ ಸಹಿ ಬೇಕು. ಪರಿಶಿಷ್ಟರಿಗೆ ಮಂಜೂರಾದ ಜಮೀನಿಗೆ ಅದರ ಪರಭಾರೆ ನಿರ್ಬಂಧಿಸುವ ಪಿಟಿಸಿಎಲ್ ಕಾಯ್ದೆಯಡಿ ಸರ್ಕಾರದ ಪೂರ್ವಾನುಮತಿ ಪಡೆಯಬೇಕು, ಇಲ್ಲವಾದರೆ ವ್ಯವಹಾರವೇ ಅನೂರ್ಜಿತವಾದೀತು. ಬ್ಯಾಂಕಿಗೋ ಸೊಸೈಟಿಗೋ ಅಡವಿಟ್ಟ ಜಮೀನಾದರೆ, ತಮ್ಮ ಹಕ್ಕು ಈ ನಿರ್ಬಂಧಕ್ಕೆ ಅಧೀನ ಎಂದು ಅವರು ಮೊದಲು ಬರೆದುಕೊಡಬೇಕು. ಇದನ್ನು ಮರೆತರೆ ಸಾಲಕ್ಕೆ ಜಮೀನು ಹರಾಜಾದ ದಿನ ನಿರ್ಬಂಧವೂ ಅಳಿಸಿಹೋಗುತ್ತದೆ.

ಕೊಟ್ಟಿಗೆ, ಕಣ, ಉಗ್ರಾಣ, ಪಾಲಿಹೌಸ್, ಕೊಳವೆಬಾವಿಗೆ ಅಡ್ಡಿ ಇರಬಾರದು. ರೈತನ ಮನೆಗೆ ಇಂತಿಷ್ಟು ಗುಂಟೆ ಎಂದು ನಕ್ಷೆಯಲ್ಲೇ ಗುರುತಿಸಬೇಕು. ಈಗಿನ ಫಾರ್ಮ್‌ಹೌಸ್ ನಿಯಮ ಹಿಡುವಳಿಯ ಶೇ 10ರವರೆಗೆ ಬಿಡುತ್ತದೆ; ಜಮೀನನ್ನು ತುಂಡು ಮಾಡಿ ತುಂಡಿಗೊಂದು ‘ಫಾರ್ಮ್‌ಹೌಸ್’ ಎಬ್ಬಿಸಿದರೆ ಅದು ಲೇಔಟೇ. ಆದ್ದರಿಂದ ಇಂತಿಷ್ಟು ಎಕರೆಗಿಂತ ಚಿಕ್ಕದಾಗಿ ಒಡೆಯುವಂತಿಲ್ಲ ಎಂದು ಬರೆಯಬೇಕು. ಇಟ್ಟಿಗೆ ಗೂಡಿಗೆ ಮೇಲ್ಮಣ್ಣು ಮಾರುವುದನ್ನು ಹೆಸರು ಹೇಳಿಯೇ ನಿಷೇಧಿಸಬೇಕು, ಏಕೆಂದರೆ ಮಣ್ಣು ಹೋದ ಮೇಲೆ ಕಾಯಲು ಏನೂ ಉಳಿಯದು.

ನೋಂದಣಿಯಾದ ದಿನವೇ ಪಹಣಿಯ 11ನೇ ಕಾಲಂನಲ್ಲಿ ನಮೂದಾಗಬೇಕು, ಇ.ಸಿ.ಯಲ್ಲೂ (ಋಣಭಾರ ಪತ್ರ) ಕಾಣಬೇಕು, ಅಲಿನೇಷನ್ ಅರ್ಜಿ ಬಂದರೆ ತಂತ್ರಾಂಶವೇ ತಡೆಯಬೇಕು. ಕರಾರಿನ ಹೊತ್ತಿಗಿದ್ದ ಬೆಳೆ, ಬದು, ಕಟ್ಟಡಗಳ ಫೋಟೊ ಸಹಿತ ವರದಿ ಇಲ್ಲದಿದ್ದರೆ ಉಲ್ಲಂಘನೆಯನ್ನು ಕೋರ್ಟಿನಲ್ಲಿ ಸಾಬೀತು ಮಾಡಲಾಗದು. ವರ್ಷಕ್ಕೊಮ್ಮೆ ಸ್ಥಳ ತನಿಖೆಗೆ ಪ್ರತ್ಯೇಕ ಇಡುಗಂಟು ಬೇಕು. ಈ ಹಕ್ಕನ್ನು ಹಿಡಿಯುವ ಸಂಸ್ಥೆ ಭೂಸ್ವಾಧೀನ ಮಾಡುವ ಸಂಸ್ಥೆಯಾಗಿರಕೂಡದು. ಬೇಲಿಯೇ ಹೊಲ ಮೇಯುವುದನ್ನು ಸಾಕಷ್ಟು ನೋಡಿದ್ದೇವೆ. ಇಂಥ ಜಮೀನಿನ ಮೇಲೆ ಕರ್ನಾಟಕ ಕೈಗಾರಿಕಾ ಪ್ರದೇಶಾಭಿವೃದ್ಧಿ ಕಾಯ್ದೆಯ 28(1) ಕಲಂ ಅಡಿ ಭೂಸ್ವಾಧೀನದ ಪ್ರಾಥಮಿಕ ಅಧಿಸೂಚನೆ ಹೊರಡಿಸಲು ವಿಧಾನಮಂಡಲದ ಒಪ್ಪಿಗೆ ಬೇಕೆಂಬ ಕಲಂ ಸೇರಿಸದಿದ್ದರೆ ಇಷ್ಟೂ ಶ್ರಮ ವ್ಯರ್ಥ.

ಮೊದಲ ಪ್ರಯೋಗಕ್ಕೆ ಒಂದೇ ಕೆರೆಯ ಅಚ್ಚುಕಟ್ಟಿನ 200–300 ಎಕರೆ ಒಟ್ಟಿಗೆ ಸಿಗುವ ಊರನ್ನು ಆರಿಸಿಕೊಳ್ಳಲಿ. ಅಲ್ಲೊಂದು ಇಲ್ಲೊಂದು ಎಂದು ಎರಡೆರಡು ಎಕರೆ ಕೊಂಡರೆ ನಡುವಿನ ಜಮೀನು ಲೇಔಟ್ ಆಗಿ ಕಾಲುವೆ ಮುಚ್ಚುತ್ತದೆ, ಕೆಳಗಿನ ಗದ್ದೆಗೆ ನೀರು ಇಳಿಯುವುದಿಲ್ಲ.

– ಓದುಗರು, ದೊಡ್ಡಬಳ್ಳಾಪುರ