ಷಟರ್ ಎಳೆದವನ ಪತ್ರ

ಲೋ ಬೋಂಡಾ,

ಗ್ರೂಪಿನಲ್ಲಿ ನೀನು ಹಾಕಿದ ಮೆಸೇಜ್ ನೋಡಿದೆ. ‘ನಮ್ಮ ಏರಿಯಾದ ಅಂಗಡಿಗಳನ್ನ ಉಳಿಸಿಕೊಳ್ಳಿ ಕಣ್ರೋ, ಹೋದ ಮೇಲೆ ಅತ್ತರೆ ಪ್ರಯೋಜನ ಇಲ್ಲ’ ಅಂತ. ಕೆಳಗೆ ಅಳುವ ಮುಖ ಬೇರೆ. ನ್ಯೂಜೆರ್ಸಿಯಲ್ಲಿ ಕೂತು ಬೆಂಗಳೂರಿನ ಯಲಹಂಕ ಉಪನಗರಕ್ಕಾಗಿ ಅಳುವುದು ಸುಲಭ ಕಣೋ. ನಿನಗೆ ಅಲ್ಲಿ ಓಕ್ ಟ್ರೀ ರೋಡ್ ಇದೆ. ರಾಗಿಹಿಟ್ಟಿನಿಂದ ಹಿಡಿದು ಹೂಬತ್ತಿಯವರೆಗೆ ಒಂದೇ ಬೀದಿಯಲ್ಲಿ ಸಿಗುತ್ತದೆ. ಹೊಟ್ಟೆ ತುಂಬಿದ ಮೇಲೆ ಕಣ್ಣೂ ತುಂಬುತ್ತದೆ.

ನಿನಗೊಬ್ಬನಿಗೇ ಬರೆಯಬಹುದಿತ್ತು. ಆದರೆ ಆ ಮೆಸೇಜಿಗೆ ಉಪನಗರದ ನಮ್ಮ ಇಡೀ ಎ ಸೆಕ್ಟರ್ ಹಾರ್ಟ್ ಒತ್ತಿದೆ. ಹಾಗಾಗಿ ಉತ್ತರವನ್ನೂ ಎಲ್ಲರ ಮುಂದೆಯೇ ಇಡುತ್ತಿದ್ದೇನೆ. ಹೆದರಬೇಡ, ಮಂಡಕ್ಕಿ ವಿಷಯ ಎತ್ತುವುದಿಲ್ಲ. ನಿನ್ನ ಹೆಂಡತಿಯೂ ಓದುತ್ತಾಳೆ ಅಂತ ನೆನಪಿದೆ.

ಮೊದಲು ವರದಿ. ಬೇಕರಿ ಇದೆ. ಬೋರ್ಡಿನಲ್ಲಿ ಈಗಲೂ ಅಯ್ಯಂಗಾರ್ ಅಂತಲೇ ಇದೆ, ನಡೆಸುತ್ತಿರುವವರು ಚನ್ನರಾಯಪಟ್ಟಣದ ಕಡೆಯ ಗೌಡರು. ಜಿಲ್ಲೆ ಮಾತ್ರ ಬದಲಾಗಿಲ್ಲ ನೋಡು. 1898ರಲ್ಲಿ ಚಿಕ್ಕಪೇಟೆಯಲ್ಲಿ ಮೊದಲ ಅಯ್ಯಂಗಾರ್ ಬೇಕರಿ ಅನ್ನಿಸಿಕೊಂಡ ಬಿ.ಬಿ. ಬೇಕರಿ ಶುರು ಮಾಡಿದವರೂ ಹಾಸನದ ಕಡೆಯವರೇ ಅಲ್ವಾ. ದಿಲ್‌ಪಸಂದ್ ಚೆನ್ನಾಗಿಯೇ ಮಾಡುತ್ತಾರೆ. ಖಾರಾ ಬನ್ನಿನಲ್ಲಿ ಈರುಳ್ಳಿಯನ್ನು ಹುಡುಕಬೇಕು. 2024ರಲ್ಲಿ ಬೋರ್ಡಿನಲ್ಲಿ ಶೇ. 60ರಷ್ಟು ಕನ್ನಡ ಇರಲೇಬೇಕು ಅಂತ ಕಾನೂನು ಬಂತಲ್ಲ, ಆಗ ಎಲ್ಲರ ಜೊತೆ ಅವರೂ ಹೊಸ ಬೋರ್ಡ್ ಹಾಕಿಸಿದರು. ಅದರಲ್ಲಿ ‘ಬೆಕರಿ’ ಅಂತಿದೆ. ದುಡ್ಡು ಕೊಟ್ಟಾಗಿತ್ತು, ಹಾಗೇ ನೇತು ಹಾಕಿದ್ದಾರೆ.

ಮಟನ್ ಅಂಗಡಿ ಭಾಯ್ ಆರಾಮಾಗಿದ್ದಾರೆ, ಯಲಹಂಕ ವಾಯುನೆಲೆಯಲ್ಲಿ ಏರ್ ಶೋ ನಡೆಯುವ ವರ್ಷ ಮಾತ್ರ ಬಿಟ್ಟು. ನೀನು ಹೋದ ಮೇಲೆ ಈ ವಿಷಯ ಇನ್ನೂ ಜೋರಾಗಿದೆ. ಮಾಂಸದ ತುಣುಕಿಗೆ ಹದ್ದು ಬರುತ್ತವೆ, ಹದ್ದು ವಿಮಾನಕ್ಕೆ ಬಡಿಯುತ್ತವೆ ಅಂತ ವಾಯುನೆಲೆಯ ಸುತ್ತ ಮಾಂಸದ ಅಂಗಡಿ ಮುಚ್ಚಿಸುತ್ತಾರೆ. 2023ರಲ್ಲಿ 10 ಕಿಲೋಮೀಟರ್ ಸುತ್ತ ಇತ್ತು, 2025ರಲ್ಲಿ 13 ಕಿಲೋಮೀಟರ್ ಆಯಿತು. ಶೋ ನಡೆಯುವುದು ಐದು ದಿನ, ಅಂಗಡಿಗೆ ಬೀಗ ಮೂರು ವಾರಕ್ಕೂ ಜಾಸ್ತಿ. ‘ಹದ್ದು ತಪ್ಪು ಮಾಡಿದರೆ ನನಗ್ಯಾಕೆ ರಜೆ’ ಅಂತ ಭಾಯ್ ಕೇಳುತ್ತಾರೆ. ಅವರ ಮನೆ ಮಹಡಿಯಿಂದ ಏರ್ ಶೋ ತುಂಬ ಚೆನ್ನಾಗಿ ಕಾಣುತ್ತದಂತೆ. ಬಿಡುವಿರುತ್ತದಲ್ಲ, ನೋಡುತ್ತಾರೆ.

ಇಸ್ತ್ರಿ ಗಾಡಿಯವನು ಇದ್ದಿಲು ಬಿಟ್ಟು ಗ್ಯಾಸಿಗೆ ಬಂದಿದ್ದಾನೆ. ಟೈಲರ್ ಹೊಸ ಬಟ್ಟೆ ಹೊಲಿಯುವುದು ನಿಲ್ಲಿಸಿ ಬರೀ ಆಲ್ಟರೇಷನ್ ಮಾಡುತ್ತಾರೆ. ಹಿಟ್ಟಿನ ಮಿಲ್ಲು ಮುಚ್ಚಿರಬಹುದು ಅಂತ ನೀನು ಅಂದುಕೊಂಡಿರುತ್ತೀಯ. ಅಲ್ಲಿ ಕ್ಯೂ ಇದೆ! ಸಿರಿಧಾನ್ಯದ ಗಾಳಿ ಬೀಸಿದ್ದೇ ಬೀಸಿದ್ದು, ಅಪಾರ್ಟ್‌ಮೆಂಟಿನವರು ನವಣೆ, ಸಾಮೆ ಹಿಡಿದುಕೊಂಡು ಕಾರಿನಲ್ಲಿ ಬರುತ್ತಾರೆ. ಮಿಲ್ಲಿನವರು ಮೊದಲಿನಂತೆಯೇ ಯಾರಿಗೂ ನಗುವುದಿಲ್ಲ.

2025ರ ಜುಲೈ ಮಾತ್ರ ಬೇರೆ ಥರ ಇತ್ತು. ವಾಣಿಜ್ಯ ತೆರಿಗೆ ಇಲಾಖೆ ಯುಪಿಐ ಲೆಕ್ಕ ತೆಗೆದು ಸಾವಿರಾರು ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿತಲ್ಲ, ಆಗ. ಹಾವೇರಿಯ ತರಕಾರಿ ವ್ಯಾಪಾರಿಯೊಬ್ಬರಿಗೆ ನಾಲ್ಕು ವರ್ಷದ 1.63 ಕೋಟಿ ವಹಿವಾಟಿಗೆ 29 ಲಕ್ಷ ಕಟ್ಟಿ ಅಂತ ಬಂದಿದ್ದು ಟಿವಿಯಲ್ಲಿ ಓಡಿತು. ಮಾರನೇ ದಿನ ನಮ್ಮ ರಸ್ತೆಯಲ್ಲಿ ಒಂದು ಕ್ಯೂಆರ್ ಕೋಡೂ ಇಲ್ಲ. ರಟ್ಟಿನ ಮೇಲೆ ‘ನೋ ಯುಪಿಐ, ಓನ್ಲಿ ಕ್ಯಾಶ್’. ದುಡ್ಡು ಬಂತು ಅಂತ ಕೂಗುವ ಆ ಡಬ್ಬಿಗಳೂ ಗಲ್ಲಾ ಒಳಗೆ ಸೇರಿದವು. ಸೊಪ್ಪು ಮಾರುವ ಅಜ್ಜಿಯೂ ತನ್ನ ಸ್ಕ್ಯಾನರ್ ತೆಗೆದು ಚೀಲಕ್ಕೆ ಹಾಕಿಕೊಂಡಳು. ತಾಜಾ ಸೊಪ್ಪಿಗೆ ಜಿಎಸ್‌ಟಿಯೇ ಇಲ್ಲ ಅಜ್ಜಿ ಅಂದೆ. ‘ಇಲ್ಲ ಅಂತ ನೀನು ಬರೆದುಕೊಡ್ತೀಯಾ’ ಅಂದಳು. ಆಮೇಲೆ ಮುಖ್ಯಮಂತ್ರಿಗಳು ಸಭೆ ಕರೆದರು, ನೋಂದಣಿ ಮಾಡಿಸಿಕೊಂಡರೆ ಹಳೇ ಬಾಕಿ ಕೇಳುವುದಿಲ್ಲ ಅಂದರು, ವ್ಯಾಪಾರಿಗಳು ಕೊಟ್ಟಿದ್ದ ಬಂದ್ ಕರೆ ವಾಪಸ್ ಆಯಿತು, ಕ್ಯೂಆರ್ ಕೋಡುಗಳು ಒಂದೊಂದಾಗಿ ಆಚೆ ಬಂದವು.

ನಾನು ಆಗ ಒಂದು ಲೆಕ್ಕ ಹಾಕಿದೆ. ಸರಕು ಮಾರುವವರಿಗೆ ವಹಿವಾಟು ವರ್ಷಕ್ಕೆ 40 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ. 40 ಲಕ್ಷ ಅಂದಾಗ ಯಾವನೋ ಸಾಹುಕಾರ ಅನ್ನಿಸುತ್ತದೆ. ದಿನಕ್ಕೆ ಭಾಗಿಸಿದರೆ ಸುಮಾರು 11,000. ಒಂದು ಪ್ರಾವಿಷನ್ ಸ್ಟೋರಿಗೆ ಅದು ಸಾಧಾರಣ ದಿನದ ವ್ಯಾಪಾರ. ಹಾಲು, ಸಿಗರೇಟಿನಲ್ಲಿ ಉಳಿಯುವುದು ಪುಡಿಗಾಸು, ಬೇಳೆಯಲ್ಲಿ ಸ್ವಲ್ಪ ವಾಸಿ, ಎಲ್ಲ ಸೇರಿ ನೂರಕ್ಕೆ ಎಂಟೋ ಹತ್ತೋ ಅಂತ, ನಮ್ಮ ಅಂಗಡಿ ನಡೆಸುತ್ತಿದ್ದಾಗ ಅಪ್ಪ ಹೇಳುತ್ತಿದ್ದರು. ಅಂದರೆ ಸಾವಿರ ರೂಪಾಯಿ. ಅದರಲ್ಲೇ ಬಾಡಿಗೆ, ಕರೆಂಟು, ಹುಡುಗನ ಸಂಬಳ, ಇಲಿ ತಿಂದದ್ದು.

ಬಾಡಿಗೆ ಅಂದೆ ನೋಡು, ಅಲ್ಲೇ ಇರುವುದು ವಿಷಯ. ಈಗ ಉಳಿದಿರುವ ಅಂಗಡಿಗಳನ್ನು ಎಣಿಸಿಕೊಂಡು ಬಾ. ಹೆಚ್ಚಿನವು ಸ್ವಂತ ಕಟ್ಟಡದವು. ಗೃಹ ಮಂಡಳಿ ಕಡಿಮೆ ಆದಾಯದವರಿಗೆ, ಮಧ್ಯಮ ಆದಾಯದವರಿಗೆ ಅಂತ ಕಟ್ಟಿಕೊಟ್ಟ ಎಲ್‌ಐಜಿ, ಎಂಐಜಿ ಮನೆಗಳ ಮುಂದಿನ ರೂಮನ್ನೇ ಒಡೆದು ಷಟರ್ ಹಾಕಿಕೊಂಡವರು. 2008ರಲ್ಲಿ ದೇವನಹಳ್ಳಿಗೆ ಏರ್‌ಪೋರ್ಟ್ ಬಂದ ಮೇಲೆ ಈ ಕಡೆ ಬಾಡಿಗೆ ಏರಿದ್ದು ನಿನಗೂ ಗೊತ್ತು. ಹತ್ತು ತಿಂಗಳ ಅಡ್ವಾನ್ಸ್ ಕೊಟ್ಟು ಕೊತ್ತಂಬರಿ ಮಾರಿ ಬದುಕಲು ಆಗುವುದಿಲ್ಲ. ಎಲ್ಲ ಪಾಪವನ್ನೂ ಹತ್ತು ನಿಮಿಷದ ಆ್ಯಪ್‌ಗಳ ತಲೆಗೆ ಕಟ್ಟುತ್ತೀರಲ್ಲ, ಅವು ಬರುವ ಮೊದಲೇ ಅರ್ಧ ಕೆಲಸ ಬಾಡಿಗೆ ಮುಗಿಸಿತ್ತು. ಇನ್ನರ್ಧ ಯಾರು ಮುಗಿಸಿದ್ದು ಅಂತ ಹೇಳುತ್ತೇನೆ ಇರು.

ಮೊನ್ನೆ ಕಾಯಿ ತರಲು ಕಾರ್ನರ್ ಅಂಗಡಿ ಅಣ್ಣನ ಹತ್ತಿರ ಹೋಗಿದ್ದೆ. ಹೊಸ ಅಪಾರ್ಟ್‌ಮೆಂಟಿನ ಒಬ್ಬರು ಮೇಡಂ ಬಂದಿದ್ದರು. ಒಳ್ಳೆಯವರು, ನಿನ್ನ ಹಾಗೇ ಮಾತಾಡಿದರು. ‘ನೀವು ಯಾವತ್ತೂ ಮುಚ್ಚಬಾರದು, ನಿಮ್ಮ ಮಗನೂ ಇದನ್ನೇ ಮುಂದುವರಿಸಬೇಕು’ ಅಂದರು. ಅಣ್ಣ ಕಾಯಿ ಬಡಿದು ಸದ್ದು ಕೇಳುತ್ತಲೇ ಹೇಳಿದರು: ‘ಅವನು ಇಲ್ಲಿ ಕೂರಬಾರದು ಅಂತಾನೇ ಮೇಡಂ ನಾನು ಇಲ್ಲಿ ಕೂತಿರೋದು.’ ಆಮೇಲೆ ನನ್ನ ಕಡೆ ಕೈ ತೋರಿಸಿ, ‘ಇವರಪ್ಪನೂ ಅದಕ್ಕೇ ಕೂತಿದ್ದು, ಕೇಳಿ ಬೇಕಾದರೆ’ ಅಂದರು.

ಮೇಡಂ ನನ್ನನ್ನು ನೋಡಿದರು. ನಾನು ಕಾಯಿ ನೋಡಿದೆ.

ನಿನಗೆ ನಮ್ಮ ಅಂಗಡಿ ಅಂದರೆ ಶುಂಠಿ ಪೆಪ್ಪರ್‌ಮಿಂಟು. ನನಗೆ ಬೆಳಗಿನ ಜಾವ ನಾಲ್ಕಕ್ಕೆ ಬರುವ ಹಾಲಿನ ಕ್ರೇಟುಗಳ ಸದ್ದು. ರೈಲು ಗಾಲಿ ಮಾಡುವ ವೀಲ್ ಅಂಡ್ ಆ್ಯಕ್ಸಲ್ ಕಾರ್ಖಾನೆಯ ಮೊದಲ ಶಿಫ್ಟಿನವರು ಬರುವ ಹೊತ್ತಿಗೆ ಷಟರ್ ಎತ್ತಿರಬೇಕಿತ್ತು, ಕೊನೆಯ ಶಿಫ್ಟಿನವರು ಮನೆ ಸೇರುವವರೆಗೆ ಇಳಿಸುವ ಹಾಗಿರಲಿಲ್ಲ. ಯಶವಂತಪುರ ಮಾರ್ಕೆಟ್ಟಿಗೆ ಹೋದ ದಿನ ಮಧ್ಯಾಹ್ನದ ಊಟ ಸಂಜೆಗೆ. ನಮ್ಮ ಮನೆಯಲ್ಲಿ ಅಪ್ಪ ಅಮ್ಮ ಒಟ್ಟಿಗೆ ಇರುವ ಮದುವೆ ಫೋಟೋ ಅವರದೇ ಮದುವೆಯದು. ಆಮೇಲಿನದೆಲ್ಲ ಅಮ್ಮ ಧಾರೆಗೆ, ಅಪ್ಪ ರಿಸೆಪ್ಷನ್ನಿಗೆ. ಯಾರಾದರೂ ಒಬ್ಬರು ಗಲ್ಲಾದಲ್ಲಿ ಇರಲೇಬೇಕಿತ್ತಲ್ಲ.

ಪಿಗ್ಮಿ ಅಂಕಲ್ ನೆನಪಿದ್ದಾರಾ? ದಿನಾ ಸಂಜೆ ಚರ್ಮದ ಬ್ಯಾಗ್ ಹಿಡಿದು ಬರುತ್ತಿದ್ದರಲ್ಲ. ನೀನು ಅವರನ್ನು ಅನುಕರಿಸಿ ಏಟು ತಿಂದಿದ್ದೆ. ದಿನಕ್ಕೆ ಎರಡಾಣೆ ಕೊಟ್ಟರೂ ಸಾಕು, ಬಾಗಿಲಿಗೇ ಬಂದು ತೆಗೆದುಕೊಳ್ಳುತ್ತೇವೆ ಅಂತ 1928ರಲ್ಲಿ ಉಡುಪಿ ಕಡೆ ಸಿಂಡಿಕೇಟ್ ಬ್ಯಾಂಕಿನವರು ಶುರು ಮಾಡಿದ ಪದ್ಧತಿ ಅದು. ಆ ಬ್ಯಾಂಕೇ 2020ರಲ್ಲಿ ಕೆನರಾದೊಳಗೆ ಸೇರಿಹೋಯಿತು. ಪಿಗ್ಮಿ ಮಾತ್ರ ನಮ್ಮ ಬೀದಿಗಳಲ್ಲಿ ಇನ್ನೂ ಓಡಾಡುತ್ತಿದೆ. ವ್ಯಾಪಾರ ಆಗಲಿ ಬಿಡಲಿ, ಅಪ್ಪ ಗಲ್ಲಾದಿಂದ ಒಂದಿಷ್ಟು ತೆಗೆದು ಪಿಗ್ಮಿ ಕಟ್ಟುತ್ತಿದ್ದರು. ನನ್ನ ಇಂಜಿನಿಯರಿಂಗ್ ಫೀಸ್ ಅದರಿಂದಲೇ ಹೋಗಿದ್ದು. ನಾನು ಗಲ್ಲಾದಲ್ಲಿ ಕೂರದ ಹಾಗೆ ಮಾಡಲು ಗಲ್ಲಾದಿಂದಲೇ ದಿನಾ ದುಡ್ಡು ತೆಗೆದಿಟ್ಟರು ಅನ್ನುವುದು ಮೊನ್ನೆ ಕಾಯಿ ಅಂಗಡಿಯಲ್ಲಿ ನಿಂತಾಗ ತಲೆಗೆ ಹೋಯಿತು ನೋಡು. ಇಷ್ಟು ವಯಸ್ಸಾದ ಮೇಲೆ.

ಆದರೆ ಅಷ್ಟಕ್ಕೇ ಮುಗಿಯುವುದಿಲ್ಲ. ನಾವು ಅಂಗಡಿ ಮುಚ್ಚಿದಾಗ ಅಪ್ಪನ ಮಂಡಿ ನೋವು ಅಂತ ಎಲ್ಲರಿಗೂ ಹೇಳಿದ್ದೆವು. ಮಂಡಿ ನೋವು ಸುಳ್ಳಲ್ಲ. ವ್ಯಾಪಾರ ಕುಸಿದಿತ್ತಾ ಅಂದರೆ, ಇಲ್ಲ. ಆಗ ಡಂಜೋ ಅನ್ನುವ ಡೆಲಿವರಿ ಆ್ಯಪ್‌ನವರು ಬೀದಿ ಅಂಗಡಿಗಳಿಂದಲೇ ಸಾಮಾನು ಒಯ್ಯುತ್ತಿದ್ದರು, ನಮಗೆ ಲಾಭವೇ ಆಗುತ್ತಿತ್ತು. ಒಂದು ರಾತ್ರಿ ಊಟ ಮಾಡುವಾಗ ಅಪ್ಪ ಕೇಳಿದರು: ‘ಶನಿವಾರ ಭಾನುವಾರ ನೀನು ಕೂತರೆ, ಮಿಕ್ಕ ದಿನಕ್ಕೆ ಒಬ್ಬ ಹುಡುಗನನ್ನ ಇಟ್ಟುಕೊಂಡು ನಡೆಸಬಹುದು.’ ಅವರು ಮಾತು ಮುಗಿಸುವ ಮೊದಲೇ ಆಗಲ್ಲ ಅಂದೆ. ಯೋಚಿಸಿ ಹೇಳ್ತೀನಿ ಅಂತಲೂ ಅನ್ನಲಿಲ್ಲ. ಅವರು ಮಜ್ಜಿಗೆ ಹಾಕಿಸಿಕೊಂಡರು.

ಷಟರ್ ಎಳೆದ ದಿನ ನೀನು ಫೋನ್ ಮಾಡಿ ಅತ್ತೆ. ಅಮ್ಮ ಅತ್ತಳು. ನನಗೆ ಏನಾಯಿತು ಗೊತ್ತಾ? ಹಗುರ ಆಯಿತು ಕಣೋ. ಇನ್ನು ಭಾನುವಾರ ಪೂರ್ತಿ ನನ್ನದು ಅನ್ನಿಸಿತು. ಇವತ್ತು ಅಪ್ಪ ಮತ್ತೆ ಕೇಳಿದರೂ ನನ್ನದು ಅದೇ ಉತ್ತರ. ರಸ್ತೆಯಲ್ಲಿ ಯಾರಾದರೂ ಸಿಕ್ಕಿ, ‘ಎಂಥಾ ಅಂಗಡಿ ನಿಮ್ಮದು, ಈ ಆ್ಯಪ್‌ನವರು ಹಾಳು ಮಾಡಿಬಿಟ್ಟರು’ ಅಂತಾರೆ. ನಾನು ಹೂಂ ಅಂತ ತಲೆ ಆಡಿಸುತ್ತೇನೆ. ಆ ಮರುಕ ನನಗೆ ಬೇಕಾಗಿದೆ ಅನ್ನಿಸುತ್ತದೆ. ಅದು ಸಿಗದ ದಿನ ಏನೋ ಕಡಿಮೆ ಆದ ಹಾಗೆ.

ಈಗ ಆ ಜಾಗದಲ್ಲಿ ಯಾರಿದ್ದಾರೆ ಅಂತ ನೀನು ಕೇಳಿಲ್ಲ, ನಾನೂ ಹೇಳಿಲ್ಲ. ಆನ್‌ಲೈನ್ ಪಾರ್ಸೆಲ್ ವಿಂಗಡಿಸುವವರು. ತಿಂಗಳ ಐದನೇ ತಾರೀಕು ಬಾಡಿಗೆ ಬಂದು ಬೀಳುತ್ತದೆ, ಅಂಗಡಿಯಲ್ಲಿ ಅಷ್ಟು ಯಾವ ತಿಂಗಳೂ ಉಳಿದಿರಲಿಲ್ಲ. ಬಾಡಿಗೆ ಅಂಗಡಿಗಳನ್ನು ತಿಂದಿತು ಅಂತ ಮೇಲೆ ಉದ್ದಕ್ಕೆ ಭಾಷಣ ಬಿಗಿದೆನಲ್ಲ, ಆ ಬಾಡಿಗೆ ತೆಗೆದುಕೊಳ್ಳುವವನು ನಾನೇ. ಅಪ್ಪ ಬಾಲ್ಕನಿಯಲ್ಲಿ ಕುರ್ಚಿ ಹಾಕಿಕೊಂಡು ಕೆಳಗೆ ಡಬ್ಬ ಎಣಿಸುತ್ತಾರೆ. ರಾತ್ರಿ ನನಗೆ ವರದಿ ಕೊಡುತ್ತಾರೆ: ‘ಇವತ್ತು ಅವರಿಗೆ ವ್ಯಾಪಾರ ಪರವಾಗಿಲ್ಲ.’ ನಿನ್ನೆ ಆ ಹುಡುಗರಲ್ಲಿ ಒಬ್ಬನಿಗೆ ಪೊಟ್ಟಣ ಕಟ್ಟುವುದನ್ನು ಹೇಳಿಕೊಡಲು ಹೋಗಿದ್ದರಂತೆ. ಅವನು ಟೇಪ್ ಇದೆ ತಾತ ಅಂದನಂತೆ.

ಅದಕ್ಕೇ ನಿನ್ನ ಮೆಸೇಜ್ ಓದಿದಾಗ ಸ್ವಲ್ಪ ಉರಿಯಿತು. ನಮಗೆಲ್ಲ ಕಾರ್ನರಿನಲ್ಲಿ ಒಂದು ಅಂಗಡಿ ಇರಬೇಕು, ಅದರಲ್ಲಿ ಹೆಸರು ಹಿಡಿದು ಕರೆಯುವ ಒಬ್ಬರು ಕೂತಿರಬೇಕು, ಬೆಳಗ್ಗೆ ನಾಲ್ಕರಿಂದ ರಾತ್ರಿ ಹತ್ತರವರೆಗೆ. ಆ ಒಬ್ಬರು ಬೇರೆಯವರ ಮನೆಯವರಾಗಿರಬೇಕು, ಅಷ್ಟೆ. ನೀನು ನಿನ್ನ ಮಗನಿಗೆ ಪೈಥಾನ್ ಕ್ಲಾಸ್ ಹಾಕಿದ್ದೀಯ. ನಾನು ನನ್ನ ಮಗಳಿಗೆ ಅಬಾಕಸ್ ಹಾಕಿದ್ದೇನೆ. ಗಲ್ಲಾದಲ್ಲಿ ಕೂತಿದ್ದರೆ ಲೆಕ್ಕ ತಾನಾಗೇ ಬರುತ್ತಿತ್ತು ಅಂತ ಅಪ್ಪ ಗೊಣಗುತ್ತಾರೆ, ಫೀಸೂ ಉಳಿಯುತ್ತಿತ್ತಂತೆ.

ಅಯ್ಯೋ, ಎಲ್ಲಿಂದ ಎಲ್ಲಿಗೋ ಬಂದೆ. ಬೇಕರಿ ಬೋರ್ಡಿನ ಬಗ್ಗೆ ತಮಾಷೆ ಮಾಡಿ ನಿಲ್ಲಿಸೋಣ ಅಂತ ಶುರು ಮಾಡಿದ್ದು. ಓದುತ್ತಿರುವ ಎ ಸೆಕ್ಟರಿನ ಮಹಾಜನಗಳೇ, ದಯವಿಟ್ಟು ನಾಳೆ ಅಪ್ಪನ ಹತ್ತಿರ ಹೋಗಿ ಇದನ್ನೆಲ್ಲ ಕೇಳಬೇಡಿ. ಬಿ ಸೆಕ್ಟರಿನವರು ಹೇಗೂ ಓದುವುದಿಲ್ಲ.

ಮುಖ್ಯ ವಿಷಯ ಮರೆಯುತ್ತಿದ್ದೆ. ಅಟ್ಟ ಗುಡಿಸುವಾಗ ಹಳೇ ಉದ್ರಿ ಪುಸ್ತಕ ಸಿಕ್ಕಿತು. ನಿಮ್ಮಪ್ಪನ ಪುಟ ಪೂರ್ತಿ ಹೊಡೆದುಹಾಕಿದೆ, ಸಂಬಳದ ಮಾರನೇ ದಿನವೇ ಚುಕ್ತಾ ಮಾಡುತ್ತಿದ್ದ ಮನುಷ್ಯ. ಅದರ ಕೆಳಗೆ ಪೆನ್ಸಿಲ್‌ನಲ್ಲಿ ಬೇರೆ ಒಂದು ಲೆಕ್ಕ ಇದೆ: ‘ಬೋಂಡಾ, ಚಕ್ಕುಲಿ, ಗೋಲಿ ಸೋಡಾ, ಅಪ್ಪನಿಗೆ ಹೇಳಬೇಡಿ ಅಂದ.’ ಅಪ್ಪ ಹೇಳಿಲ್ಲ, ವಸೂಲೂ ಮಾಡಿಲ್ಲ. ಬಡ್ಡಿ ಎಷ್ಟು ಹಾಕಬೇಕು ಅಂತ ಬಾಲ್ಕನಿಯಲ್ಲಿ ಯೋಚಿಸುತ್ತಿದ್ದಾರೆ. ಕಳಿಸುವುದಾದರೆ ಯಾರ ಕೈಯಲ್ಲಾದರೂ ಕ್ಯಾಶ್ ಕಳಿಸು. ಯುಪಿಐ ಬೇಡವಂತೆ.

ನಿನ್ನವನು,
ತೂಕದ ಕಲ್ಲು