ಹಾಟ್ ಸ್ಪ್ರಿಂಗ್ಸ್‌ನಿಂದ: ನಡೆಯದೆ ಕೂತ ದಿನದ ಪತ್ರ

ಪ್ರೀತಿಯ ಗೆಳೆಯಾ,

"ನಡೆಯೋಕೆ ಅಂತ ಹೋದವರು ನಡುವೆ ಊರಲ್ಲಿ ರೂಮು ಹಿಡಿದು ಮಲಗಿದರೆ ಅದೆಂಥಾ ನಡಿಗೆ ಮಾರಾಯ?" ಅಂತ ನೀನು ಫೋನಿನಲ್ಲಿ ಕೇಳಿದ್ದೆ. ಉತ್ತರ ಹೇಳುವಷ್ಟರಲ್ಲಿ ಸಿಗ್ನಲ್ ಹೋಯಿತು. ಮುಂದಿನ ವರ್ಷ ನೀನೂ ಅತ್ತಿಗೆಯೂ ನರ್ಮದಾ ಪರಿಕ್ರಮಕ್ಕೆ ಹೊರಡುವ ಯೋಚನೆಯಲ್ಲಿದ್ದೀರಿ. ಅದಕ್ಕೇ ಪುರುಸೊತ್ತಾಗಿ ಬರೆಯುತ್ತಿದ್ದೇನೆ.

ನಾನೂ ನನ್ನ ಹೆಂಡತಿಯೂ ಈಗ ಹಾಟ್ ಸ್ಪ್ರಿಂಗ್ಸ್‌ನಲ್ಲಿದ್ದೇವೆ. ಅಮೆರಿಕದ ನಾರ್ತ್ ಕೆರೊಲಿನಾ ರಾಜ್ಯದ ಬೆಟ್ಟಗಳ ನಡುವೆ, ಫ್ರೆಂಚ್ ಬ್ರಾಡ್ ನದಿಯ ದಂಡೆಯ ಪುಟ್ಟ ಊರು. ನಾವು ನಡೆಯುತ್ತಿರುವ ಅಪಲಾಚಿಯನ್ ಟ್ರೇಲ್ ಅನ್ನುವ ಕಾಲುದಾರಿ ಊರೊಳಗಿಂದಲೇ ಹಾದುಹೋಗುತ್ತದೆ, ಅಂಗಡಿ ಬೀದಿಯೇ ದಾರಿ. ಕಾಡಿನಲ್ಲಿ ಮರದಿಂದ ಮರಕ್ಕೆ ಹುಡುಕಿಕೊಂಡು ಬಂದ, ದಾರಿ ತೋರಿಸುವ ಬಿಳಿ ಪಟ್ಟಿ ಇಲ್ಲಿ ಕಂಬಗಳ ಮೇಲಿದೆ. ಎರಡಿಂಚು ಅಗಲ, ಆರಿಂಚು ಉದ್ದದ ಬಣ್ಣ, ಅಷ್ಟೇ. ಆದರೂ ಅದು ಕಂಡರೆ ಈಗ ನನಗೆ ಎಲ್ಲಿದ್ದರೂ ಧೈರ್ಯ ಬರುತ್ತದೆ.

ಇಡೀ ದಾರಿ ಜಾರ್ಜಿಯಾದ ಸ್ಪ್ರಿಂಗರ್ ಬೆಟ್ಟದಿಂದ ಮೇನ್ ರಾಜ್ಯದ ಕಟಾಡಿನ್ ತನಕ ಇದೆ. 14 ರಾಜ್ಯಗಳು, ಸುಮಾರು 3,500 ಕಿ.ಮೀ. ಅಷ್ಟು ರಜೆ ನಮಗೆಲ್ಲಿ ಸಿಗಬೇಕು? ನಾವು ವರ್ಜೀನಿಯಾದ ಡಮಾಸ್ಕಸ್ ತನಕ ನಡೆಯುತ್ತೇವೆ, ಅದೇ 750 ಕಿ.ಮೀ. ದಾಟುತ್ತದೆ. ಇಲ್ಲಿಗೆ ಸುಮಾರು 440 ಆಗಿದೆ. ಗ್ರೇಟ್ ಸ್ಮೋಕಿ ಬೆಟ್ಟಗಳಲ್ಲಿ ಚಳಿ ಜಾಸ್ತಿ ಇತ್ತು. ಅಲ್ಲಿನ ಕುವೋಹಿ ಶಿಖರ 2,025 ಮೀಟರ್, ನಮ್ಮ ಮುಳ್ಳಯ್ಯನಗಿರಿಗಿಂತ ಸ್ವಲ್ಪ ಎತ್ತರ. ಈ ದಾರಿಯಲ್ಲಿ ಅದಕ್ಕಿಂತ ಎತ್ತರದ ಜಾಗ ಇಲ್ಲ. ನಾವು ಹೋದಾಗ ಮೇಲೆ ಬರೀ ಮಂಜು, ಏನೂ ಕಾಣಲಿಲ್ಲ. ಮ್ಯಾಕ್ಸ್ ಪ್ಯಾಚ್ ಮಾತ್ರ ಮರೆಯುವ ಹಾಗಿಲ್ಲ. ಬೋಳು ಹುಲ್ಲುಗುಡ್ಡ, ಸುತ್ತ ಎತ್ತ ನೋಡಿದರೂ ಬೆಟ್ಟ. ಪಟ್ಟಿ ಬಳಿಯಲು ಮರವೇ ಇಲ್ಲದ್ದರಿಂದ ಹುಲ್ಲಿನಲ್ಲಿ ಗೂಟ ನೆಟ್ಟು ಅದಕ್ಕೆ ಬಣ್ಣ ಹಚ್ಚಿದ್ದಾರೆ. ಗೂಟದಿಂದ ಗೂಟಕ್ಕೆ ನಡೆದೆವು, ಗಾಳಿ ಎತ್ತಿಕೊಂಡು ಹೋಗುವಷ್ಟಿತ್ತು.

ಈಗ ನಿನ್ನ ಪ್ರಶ್ನೆ. ಒಂದು ಹೆಜ್ಜೆಯೂ ಮುಂದೆ ಹೋಗದ ದಿನಕ್ಕೆ ಇಲ್ಲಿ ಝೀರೋ ಡೇ ಅನ್ನುತ್ತಾರೆ. ಇಬ್ಬರು ಒಟ್ಟಿಗೆ ನಡೆಯುವಾಗ ಆ ದಿನವೂ ನಡಿಗೆಯ ಲೆಕ್ಕಕ್ಕೇ ಸೇರಬೇಕು ಅನ್ನುತ್ತೇನೆ ನಾನು. ಇದನ್ನು ಸುಮ್ನೆ ಹೇಳುತ್ತಿಲ್ಲ ಕಣೋ.

ಮೊದಲು ಮೈಯ ವಿಷಯ. ದಿನಾ ನಡೆದರೆ ತೊಡೆ, ಮೀನಖಂಡ ಬೇಗ ಗಟ್ಟಿಯಾಗುತ್ತವೆ. ಸ್ನಾಯುವನ್ನು ಮೂಳೆಗೆ ಹಿಡಿದಿಡುವ ಹುರಿಗಳು ಮಾತ್ರ ಅಷ್ಟು ಬೇಗ ಬಲಿಯುವುದಿಲ್ಲ. ಅಪಾಯ ಇರುವುದು ಅಲ್ಲೇ. ಕಾಲಲ್ಲಿ ಶಕ್ತಿ ಬಂತು ಅಂತ ಉತ್ಸಾಹ ಏರುತ್ತದೆ, ಹುರಿಗಳು ಇನ್ನೂ ಹಿಂದೆಯೇ ಇರುತ್ತವೆ. ಇವಳಿಗೆ ಬಲಗಾಲಿನ ಮುಂದಿನ ಮೂಳೆಯ ಪಕ್ಕ, ಪಾದದಿಂದ ಒಂದು ಗೇಣು ಮೇಲೆ ನೋವು ಶುರುವಾಗಿದೆ. ಬೆರಳಿಟ್ಟು ಒತ್ತಿದರೆ ಮುಖ ಹಿಂಡುತ್ತಾಳೆ. ಇಂಥ ನೋವಿನ ಮೇಲೆಯೇ ನಡೆಯುತ್ತಾ ಹೋದರೆ ಮೂಳೆ ಸಣ್ಣಗೆ ಬಿರುಕು ಬಿಡಬಹುದು. ಹಾಗಾದರೆ ಈ ವರ್ಷದ ನಡಿಗೆ ಅಲ್ಲಿಗೆ ಮುಗಿಯಿತು. ಈಗ ನಡೆಯುವವರು ತಂಗುವ ಹಾಸ್ಟೆಲಿನ ಜಗಲಿಯಲ್ಲಿ ಬ್ಯಾಗಿನ ಮೇಲೆ ಕಾಲಿಟ್ಟು ಕೂತಿದ್ದಾಳೆ. ಪಾದ ಊದಿ ಹಳೇ ಶೂ ಬಿಗಿಯಾಗುತ್ತಿದೆ. ಒಂದು ಸೈಜ್ ದೊಡ್ಡದು ತಗೊಳ್ಳಬೇಕು.

ಊರಿಗೆ ಬಂದ ತಕ್ಷಣ ಎಲ್ಲರೂ ಮಾಡುವುದು ಬಟ್ಟೆ ಒಗೆಯುವ ಕೆಲಸ. ಅದನ್ನು ನೀನು ನೋಡಬೇಕಿತ್ತು. ಹೊರಗೆ ಚುರುಗುಟ್ಟುವ ಬಿಸಿಲು, ಒಳಗೆ ವಾಷಿಂಗ್ ಮಷೀನಿನ ಮುಂದೆ ಒಂದಷ್ಟು ಜನ ರೇನ್‌ಕೋಟು, ಮಳೆ ಪ್ಯಾಂಟು ಹಾಕಿಕೊಂಡು ಬೆವರುತ್ತಾ ಕೂತಿದ್ದರು. ಯಾರ ಹತ್ತಿರವೂ ಬೇರೆ ಬಟ್ಟೆ ಇಲ್ಲ. ಇರುವುದೆಲ್ಲಾ ಮಷೀನಿನೊಳಗೆ ತಿರುಗುತ್ತಿದೆ. ನಾವೂ ಹಾಗೇ ಕೂತೆವು. ಟೆಂಟು ಜಗಲಿಯ ಕಟಕಟೆ ಮೇಲೆ ಒಣಗುತ್ತಿದೆ, ಸ್ಲೀಪಿಂಗ್ ಬ್ಯಾಗುಗಳು ಹಗ್ಗದ ಮೇಲೆ. ನೀರಿನ ಫಿಲ್ಟರ್ ತೊಳೆದಾಯಿತು. ಸೋಪು ಹಾಕಿ ಕೈ ತೊಳೆಯುವ ಭಾಗ್ಯವೂ ಊರಲ್ಲೇ. ಈ ದಾರಿಯಲ್ಲಿ ವಾಂತಿ-ಭೇದಿಯ ನೋರೋ ವೈರಸ್ ಆಗಾಗ ಹರಡುತ್ತದೆ, ಸ್ಯಾನಿಟೈಸರ್‌ಗೆ ಅದು ಜಗ್ಗುವುದಿಲ್ಲ.

ಆಮೇಲೆ ಊಟ. ಒಬ್ಬರಿಗೆ ದಿನಕ್ಕೆ 700-800 ಗ್ರಾಂ ತಿನ್ನುವ ಪದಾರ್ಥ ಹೊರುತ್ತೇವೆ, ಅದಕ್ಕಿಂತ ಜಾಸ್ತಿ ಬೆನ್ನು ಒಪ್ಪುವುದಿಲ್ಲ. ಹೊಟ್ಟೆಗೆ ಅದು ಸಾಲದು. ಇದೇ ರಾಜ್ಯದ ಕ್ಯಾರಿ ಊರಿನಲ್ಲಿರುವ ಸ್ನೇಹಿತರು ಹಾಸ್ಟೆಲಿಗೆ ಪಾರ್ಸೆಲ್ ಕಳಿಸಿದ್ದರು. ರಾಗಿ ಹುರಿಹಿಟ್ಟು, ಗೊಜ್ಜವಲಕ್ಕಿ ಪುಡಿ, ಚಟ್ನಿಪುಡಿ, ಸಾರಿನ ಪುಡಿ. ಅಡುಗೆಮನೆಯಲ್ಲಿ ಅನ್ನ ಮಾಡಿ, ಸಾರು ಕುದಿಸಿ, ತುಪ್ಪ ಇಲ್ಲದ್ದಕ್ಕೆ ಬೆಣ್ಣೆ ಹಾಕಿಕೊಂಡು ಉಂಡೆವು. ಇಂಗಿನ ಘಮ ಮೂಗಿಗೆ ಬಂದಾಗ ಇವಳು ಮಾತೇ ಆಡಲಿಲ್ಲ. ಹುರಿಹಿಟ್ಟಿನಷ್ಟು ಒಳ್ಳೆಯ ದಾರಿ ಬುತ್ತಿ ಬೇರೆ ಇಲ್ಲ, ನಿನ್ನ ಬ್ಯಾಗಿಗೂ ಹಾಕಿಕೋ. ಒಲೆ ಬೇಡ, ಗ್ಯಾಸ್ ಬೇಡ. ಬೆಲ್ಲ, ನೀರು ಹಾಕಿ ಕಲಸಿದರೆ ಮಧ್ಯಾಹ್ನದವರೆಗೆ ಹಸಿವಿಲ್ಲ.

ಆದರೆ ಊರಲ್ಲಿ ನಿಲ್ಲುವುದಕ್ಕೆ ನನಗೆ ಎಲ್ಲಕ್ಕಿಂತ ದೊಡ್ಡ ಕಾರಣ ಬೇರೆಯೇ ಇದೆ. ಕಾಡಿನ ದಾರಿ ಕಿರಿದು, ಒಬ್ಬರ ಹಿಂದೆ ಒಬ್ಬರು ನಡೆಯಬೇಕು. ದಿನವಿಡೀ ಜೊತೆಯಲ್ಲಿದ್ದರೂ ಹೆಂಡತಿಯ ಮುಖ ಕಾಣುವುದಿಲ್ಲ, ಬ್ಯಾಗು ಕಾಣುತ್ತದೆ. ಸಂಜೆ ಟೆಂಟು ಹಾಕಿ, ನೀರು ತಂದು, ಕರಡಿಗೆ ಸಿಗದ ಹಾಗೆ ಊಟದ ಚೀಲ ಮೇಲಕ್ಕೆ ಕಟ್ಟುವಷ್ಟರಲ್ಲಿ ಕಣ್ಣು ಎಳೆಯುತ್ತದೆ. ಎಷ್ಟೋ ಮಾತು ಒಳಗೇ ಉಳಿಯುತ್ತದೆ. ಅದಕ್ಕೇ ಹೊರಡುವ ಮೊದಲೇ ಒಂದು ಒಪ್ಪಂದ ಮಾಡಿಕೊಂಡಿದ್ದೆವು. ಮನೆಗೆ ಹೋಗೋಣ ಅನ್ನುವ ಮಾತನ್ನು ಏರಿನಲ್ಲಿ, ಮಳೆಯಲ್ಲಿ ಆಡಬಾರದು. ಊರಿಗೆ ಬಂದು, ಉಂಡು, ಮಲಗಿ ಎದ್ದ ಮೇಲೆ ಯಾರು ಬೇಕಾದರೂ ಆಡಬಹುದು. ಆಡಿದರೆ ಇನ್ನೊಬ್ಬರು ಎದುರಾಡಬಾರದು.

ಇವತ್ತು ಬೆಳಿಗ್ಗೆ ಕಾಫಿ ಹಿಡಿದು ಎದುರುಬದುರು ಕೂತೆವು. ಇವಳು ಮನೆಗೆ ಹೋಗೋಣ ಅನ್ನಲಿಲ್ಲ. ಬೇರೆ ಎರಡು ಮಾತು ಹೇಳಿದಳು. ದಿನಾ ಮೊದಲ ಒಂದು ಗಂಟೆ ತಾನೊಬ್ಬಳೇ ಮುಂದೆ ನಡೆಯಬೇಕಂತೆ, ಹಿಂದೆ ನನ್ನ ಹೆಜ್ಜೆ ಸದ್ದು ಕೇಳಬಾರದಂತೆ. ಇನ್ನೊಂದು, ಕಾಲು ಸರಿಹೋಗುವ ತನಕ ಸ್ಟವ್ವು, ಗ್ಯಾಸು ನಾನು ಹೊರಬೇಕು. ಎರಡಕ್ಕೂ ಒಪ್ಪಿದೆ. ನಡೆಯುತ್ತಾ ಹೇಳಿದ್ದರೆ ಮೊದಲನೆಯದು ನನಗೆ ಚುಚ್ಚುತ್ತಿತ್ತೇನೋ. ಇಲ್ಲಿ ಮುಖ ನೋಡಿಕೊಂಡು ಕೇಳಿದಾಗ ಅದರಲ್ಲಿ ಮುನಿಸಿಲ್ಲ ಅಂತ ಗೊತ್ತಾಯಿತು. ನಾಳೆಯೂ ಇಲ್ಲೇ ಇರುವುದು ಅಂತ ತೀರ್ಮಾನ ಆಯಿತು.

ಅದಕ್ಕೆ ಬೆಲೆಯೂ ಇದೆ. ಸ್ಮೋಕಿ ಬೆಟ್ಟಗಳಿಂದ ಜೊತೆಗೆ ನಡೆದ ಗುಂಪು ಬೆಳಿಗ್ಗೆಯೇ ಹೊರಟಿತು. ಇನ್ನು ಅವರು ಸಿಗುವುದು ಕಷ್ಟ. ತಂಗುವ ಶೆಲ್ಟರ್‌ಗಳಲ್ಲಿ ಒಂದೊಂದು ನೋಟ್‌ಬುಕ್ ಇರುತ್ತದೆ, ಬಂದವರು ನಾಲ್ಕು ಸಾಲು ಬರೆದು ಹೋಗುತ್ತಾರೆ. ಇನ್ನು ಮೇಲೆ ಅವರ ಸುದ್ದಿ ನಮಗೆ ಆ ಪುಟಗಳಲ್ಲಿ. ಕಳಿಸಿಕೊಟ್ಟು ಬರುವಾಗ ಬೇಜಾರಾಯಿತು, ಇಲ್ಲ ಅನ್ನಲಾರೆ.

ಊರಿನ ಬಗ್ಗೆಯೂ ಹೇಳಬೇಕು. 2024ರ ಸೆಪ್ಟೆಂಬರಿನಲ್ಲಿ ಹೆಲೀನ್ ಚಂಡಮಾರುತ ಬಂದಾಗ ಈ ಬೀದಿಗೇ ಹೊಳೆ ನುಗ್ಗಿತ್ತು. ನಮ್ಮ ದಾರಿಯಲ್ಲಿ ಮುಂದೆ ಸಿಗುವ ಅರ್ವಿನ್ ಊರಿನ ಹತ್ತಿರ ನೋಲಿಚಕಿ ನದಿಯ ಸೇತುವೆಯೇ ಕೊಚ್ಚಿಹೋಯಿತು. ಇಂಥ ಊರುಗಳಿಗೆ ನಡೆಯುವವರು ಬರುವ ಕಾಲವೇ ಸುಗ್ಗಿ. ನಾವು ಇಲ್ಲಿ ಉಳಿದ ರಾತ್ರಿಯ ಬಾಡಿಗೆ, ಉಂಡ ಊಟದ ದುಡ್ಡು ಮತ್ತೆ ಕಟ್ಟಿ ನಿಲ್ಲಿಸುತ್ತಿರುವವರ ಕೈಗೇ ಹೋಗುತ್ತದೆ. ಬರೀ ದಾಟಿಕೊಂಡು ಹೋಗುವುದು ನನಗೆ ಸರಿ ಕಾಣುವುದಿಲ್ಲ.

ನಿಮ್ಮ ಪರಿಕ್ರಮದಲ್ಲೂ ಸಂಪ್ರದಾಯ ಬಿಡದೆ ನಡೆಯುವವರು ಚಾತುರ್ಮಾಸದಲ್ಲಿ ಒಂದೇ ಕಡೆ ನಿಲ್ಲುತ್ತಾರೆ ಅಲ್ವಾ? ಅದರಿಂದ ಅವರ ಪರಿಕ್ರಮ ಕಮ್ಮಿಯಾಯಿತು ಅಂತ ಯಾರೂ ಅನ್ನುವುದಿಲ್ಲ. ನೀನು ದಿನಕ್ಕೆ ಇಷ್ಟು ಕಿಲೋಮೀಟರ್ ಅಂತ ಪಟ್ಟಿ ಹಾಕುತ್ತಿದ್ದೀಯಂತೆ. ಅದನ್ನು ಅತ್ತಿಗೆಯ ಮುಂದಿಟ್ಟು, ಅವರ ಮಂಡಿ ಎಷ್ಟು ಒಪ್ಪುತ್ತದೆ ಅಂತ ಕೇಳಿ ಮಾಡು. ನಿಲ್ಲುವ ದಿನಗಳನ್ನು ಮೊದಲು ಬರೆದುಕೋ, ನಡೆಯುವ ದಿನ ಆಮೇಲೆ.

ನಾಡಿದ್ದು ಸೇತುವೆ ದಾಟಿ ಲವರ್ಸ್ ಲೀಪ್ ಬಂಡೆಗೆ ಹತ್ತುತ್ತೇವೆ. ಆಮೇಲೆ ಅರ್ವಿನ್ ತನಕ ಫೋನು ಸಿಕ್ಕರೆ ಸಿಕ್ಕಿತು. ನಿನ್ನ ಪಟ್ಟಿ ವಾಟ್ಸಾಪಿಗೆ ಹಾಕಿಡು, ಇವಳೂ ನೋಡುತ್ತಾಳಂತೆ. ಅತ್ತಿಗೆಗೆ ಹೇಳು, ಶೂ ಒಂದು ಸೈಜ್ ದೊಡ್ಡದೇ ಇರಲಿ.

ನಿನ್ನ ಗೆಳೆಯ