ಅಡಗುವುದಕ್ಕಿಂತ ಮೊದಲು ಕೈಗೆ ಒಗ್ಗಬೇಕು

ಮಾನ್ಯ ಸಂಪಾದಕರೇ,

ಪರವಾನಗಿ ಪಡೆದು ಆತ್ಮರಕ್ಷಣೆಗಾಗಿ ಉಡುಪಿನೊಳಗೆ ಪಿಸ್ತೂಲು ಇಟ್ಟುಕೊಳ್ಳುವವರು ಎಂಥದ್ದನ್ನು ಆಯ್ದುಕೊಳ್ಳಬೇಕು ಎಂಬ ಬಗ್ಗೆ ತಮ್ಮ ಪತ್ರಿಕೆಯಲ್ಲಿ ಬಂದ ಲೇಖನವನ್ನು ಗಮನವಿಟ್ಟು ಓದಿದೆ. ಇರುವುದರಲ್ಲೆಲ್ಲ ಚಿಕ್ಕದನ್ನು, ಹಗುರವಾದದ್ದನ್ನು ಕೊಳ್ಳುವುದೇ ಜಾಣತನ ಎಂಬ ಅದರ ತೀರ್ಮಾನವನ್ನು ಒಪ್ಪಲು ನನ್ನಿಂದ ಸಾಧ್ಯವಾಗಲಿಲ್ಲ. ಗುರಿ ತಪ್ಪಿದ ಗುಂಡು ಗಾಳಿಯಲ್ಲಿ ಕರಗಿಹೋಗುವುದಿಲ್ಲ, ಸಂಬಂಧವೇ ಇಲ್ಲದ ಯಾರನ್ನಾದರೂ ತಾಗಬಹುದು. ಆದ್ದರಿಂದ ತನ್ನ ಕೈಯ ಹತೋಟಿಗೆ ಸಿಗುವ ಪಿಸ್ತೂಲು ಯಾವುದೆಂದು ಮೊದಲು ಗೊತ್ತುಮಾಡಿಕೊಂಡು, ಅದನ್ನು ಅಡಗಿಸುವ ಬಗೆಯನ್ನು ಆಮೇಲೆ ಯೋಚಿಸಬೇಕೆಂಬುದು ನನ್ನ ಖಚಿತ ಅಭಿಪ್ರಾಯ.

ಒಂದೇ ಬಗೆಯ ಗುಂಡನ್ನು ಹಾರಿಸುವಾಗ ಪಿಸ್ತೂಲಿನ ತೂಕ ಅರ್ಧಕ್ಕಿಳಿದರೆ ಅದು ಹಿಂದಕ್ಕೆ ಒದೆಯುವ ಶಕ್ತಿ ಸರಿಸುಮಾರು ಇಮ್ಮಡಿಯಾಗುತ್ತದೆ. ಇದು ಚಲನೆಯ ನಿಯಮ, ಇದರಿಂದ ಯಾವ ತಯಾರಕರಿಗೂ ವಿನಾಯಿತಿಯಿಲ್ಲ. ಇದರ ಜೊತೆಗೆ ಹಿಡಿಕೆ ಗಿಡ್ಡವಾದರೆ ಕಿರುಬೆರಳಿಗೆ ನೆಲೆ ಸಿಗುವುದಿಲ್ಲ, ಹಿಡಿತ ಸಡಿಲವಾಗುತ್ತದೆ. ಮುಂದಿನ ಮತ್ತು ಹಿಂದಿನ ಗುರಿಕಂಡಿಗಳ ನಡುವಿನ ಅಂತರ ಕಡಿಮೆಯಾದಷ್ಟೂ ಕಣ್ಣು ಮಾಡುವ ಅತಿ ಸಣ್ಣ ತಪ್ಪು ಕೂಡ ಗುರಿಯ ಮೇಲೆ ದೊಡ್ಡದಾಗಿ ಕಾಣಿಸಿಕೊಳ್ಳುತ್ತದೆ. 2008ರಲ್ಲಿ ಬಂದ ರೂಗರ್ ಎಲ್‌ಸಿಪಿಯಂತಹ ಪಿಸ್ತೂಲು ಸುಮಾರು 270 ಗ್ರಾಂ ತೂಗುತ್ತದೆ, ಜೇಬಿನಲ್ಲಿರುವುದೇ ಗೊತ್ತಾಗುವುದಿಲ್ಲ ಎಂಬುದು ನಿಜ. ಆದರೆ ಅದನ್ನು ಹಿಡಿದು ಒಂದು ಪೆಟ್ಟಿಗೆ ಗುಂಡುಗಳ ಅಭ್ಯಾಸವನ್ನು ಸಂತೋಷದಿಂದ ಮುಗಿಸುವವರು ವಿರಳ. ಅಭ್ಯಾಸ ಮಾಡಲು ಮನಸ್ಸು ಬಾರದ ಆಯುಧದ ಮೇಲೆ ಹತೋಟಿ ಬರುವ ದಾರಿಯೇ ಇಲ್ಲ. ಇದಕ್ಕೆ ಹೋಲಿಸಿದರೆ 1988ರಿಂದ ಬಳಕೆಯಲ್ಲಿರುವ ಗ್ಲಾಕ್ 19ಕ್ಕೆ ಸುಮಾರು 10 ಸೆಂಟಿಮೀಟರ್ ನಳಿಗೆ, 15 ಗುಂಡುಗಳನ್ನು ತುಂಬಿಡುವ ಮ್ಯಾಗಜೀನ್, ಇಡೀ ಅಂಗೈ ಕೂರುವ ಹಿಡಿಕೆ ಇವೆ. ಅದು ದೊಡ್ಡದಾಯಿತು ಎನ್ನುವವರಿಗೂ ನಡುವಿನ ದಾರಿ ಇದೆ: 2018ರಲ್ಲಿ ಬಂದ ಸಿಗ್ ಪಿ365, ಸುಮಾರು 500 ಗ್ರಾಂ ತೂಕದಲ್ಲಿ 10 ಗುಂಡುಗಳ ಮ್ಯಾಗಜೀನನ್ನು ಅಳವಡಿಸಿದ ಮೇಲೆ ಅನೇಕ ತಯಾರಕರು ಅದೇ ಅಳತೆಯತ್ತ ಹೊರಳಿದರು.

ಲೇಖನದಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಮಹಿಳೆಯರಿಗೂ ವಯಸ್ಸಾದವರಿಗೂ ಹಗುರವಾದ ಐದು ಗುಂಡಿನ ರಿವಾಲ್ವರೇ ಸೂಕ್ತ ಎಂಬ ಸಲಹೆ. ಸ್ಮಿತ್ ಅಂಡ್ ವೆಸನ್ 1950ರಲ್ಲಿ ತಂದ ಆ ಮಾದರಿಗೆ ಅದರದೇ ಆದ ಗುಣಗಳಿವೆ, ಅವನ್ನು ನಾನು ಅಲ್ಲಗಳೆಯುವುದಿಲ್ಲ. ಅದನ್ನು ನಡೆಸುವ ಕ್ರಮ ಸರಳ. ಒಂದು ಗುಂಡು ಸಿಡಿಯದೇ ಹೋದರೆ ಟ್ರಿಗರನ್ನು ಮತ್ತೊಮ್ಮೆ ಎಳೆದರಾಯಿತು, ಮುಂದಿನದು ಎದುರಿಗೆ ಬರುತ್ತದೆ. ಆದರೆ ಗುಂಡನ್ನು ಸಿಡಿಸಲು ಬಡಿಯುವ ಹ್ಯಾಮರನ್ನು ಮೊದಲೇ ಹಿಂದಕ್ಕೆಳೆದಿಡದೆ ಹಾರಿಸುವಾಗ ಅದರ ಟ್ರಿಗರಿಗೆ ಸುಮಾರು 5 ಕಿಲೋ ಬಲ ಬೇಕು, ಅದರ ಹಗುರ ಮಾದರಿಯೋ ಅರ್ಧ ಕಿಲೋ ಕೂಡ ತೂಗುವುದಿಲ್ಲ. ತನ್ನ ತೂಕದ ಹತ್ತು ಪಟ್ಟು ಬಲದಿಂದ ಎಳೆಯುವ ಹೊತ್ತಿನಲ್ಲಿ ಅಂತಹ ವಸ್ತು ಅಲುಗಾಡದಂತೆ ಹಿಡಿಯುವುದು ಬಲವಾದ ಬೆರಳುಗಳಿಗೇ ಕಷ್ಟವಾಗಿರುವಾಗ, ಸಂಧಿನೋವಿರುವ ಬೆರಳುಗಳಿಗೆ ಅದನ್ನು ಒಪ್ಪಿಸುವುದು ಎಷ್ಟರ ಮಟ್ಟಿಗೆ ಸರಿ? ಪಿಸ್ತೂಲಿನ ಸ್ಲೈಡನ್ನು (ಗುಂಡನ್ನು ನಳಿಗೆಗೆ ಏರಿಸಲು ಹಿಂದಕ್ಕೆಳೆಯುವ ಮೇಲ್ಭಾಗವನ್ನು) ಎಳೆಯಲು ಶಕ್ತಿ ಸಾಲದು ಎಂಬುದು ಈ ಸಲಹೆಗೆ ಕೊಡುವ ಕಾರಣ. ಎರಡು ಬೆರಳುಗಳಲ್ಲಿ ಚಿವುಟುವಂತೆ ಎಳೆಯುವುದನ್ನು ಬಿಟ್ಟು, ಇಡೀ ಅಂಗೈಯಿಂದ ಸ್ಲೈಡನ್ನು ಭದ್ರವಾಗಿ ಹಿಡಿದು, ಇನ್ನೊಂದು ಕೈಯಿಂದ ಹಿಡಿಕೆಯನ್ನು ಮುಂದಕ್ಕೆ ನೂಕುವುದನ್ನು ಕಲಿಸಿದರೆ ಅವರಲ್ಲಿ ಬಹಳ ಮಂದಿಗೆ ಅದು ಸಾಧ್ಯವಾಗುತ್ತದೆ. ಆಗದವರಿಗೂ ಬೇರೆ ಆಯ್ಕೆಗಳಿವೆ. 2018ರಲ್ಲೇ ಸ್ಮಿತ್ ಅಂಡ್ ವೆಸನ್ ತಂದ, 9 ಎಂಎಂಗಿಂತ ಕಡಿಮೆ ಒದೆಯುವ .380 ಗುಂಡಿನ ಶೀಲ್ಡ್ ಈಜಡ್‌ನಂತಹ, ಸುಲಭವಾಗಿ ಸ್ಲೈಡ್ ಎಳೆಯಲೆಂದೇ ರೂಪಿಸಿದ ಪಿಸ್ತೂಲುಗಳನ್ನು ಲೇಖನ ಹೆಸರಿಸಲೇ ಇಲ್ಲ.

ಗುಂಡಿನ ಗಾತ್ರದ ಚರ್ಚೆಗೆ ಲೇಖನ ಕೊಟ್ಟಷ್ಟು ಜಾಗ ಅಗತ್ಯವಿರಲಿಲ್ಲ. ಕಾನೂನು ಅನುಮತಿಸಿದ ಕಡೆ 9 ಎಂಎಂ, ಅದರ ಒದೆತ ತಡೆಯಲಾಗದವರಿಗೆ .380, ಇದಕ್ಕಿಂತ ಹೆಚ್ಚು ತಲೆ ಕೆಡಿಸಿಕೊಳ್ಳಬೇಕಿಲ್ಲ.

ಆದರೆ ಪಿಸ್ತೂಲನ್ನು ಮೈಮೇಲೆ ಇಟ್ಟುಕೊಳ್ಳುವ ಒರೆಯಾದ ಹೋಲ್‌ಸ್ಟರಿನ ಬಗ್ಗೆ ಒಂದೇ ವಾಕ್ಯದಲ್ಲಿ ಹೇಳಿ ಮುಗಿಸಿರುವುದು ದೊಡ್ಡ ಕೊರತೆ. ಇಂದಿನ ಅನೇಕ ಚಿಕ್ಕ ಪಿಸ್ತೂಲುಗಳಲ್ಲಿ ಕೈಯಿಂದ ಹಾಕಿ ತೆಗೆಯುವ ಸುರಕ್ಷತಾ ಕೀಲಿ ಇರುವುದಿಲ್ಲ, ಟ್ರಿಗರಿಗೆ 2.5 ಕಿಲೋದಷ್ಟು ಬಲ ಬಿದ್ದರೆ ಗುಂಡು ಹೊರಡುತ್ತದೆ. ಅಂಥದ್ದನ್ನು ಬರಿದಾಗಿ ಸೊಂಟಕ್ಕೆ ಸಿಕ್ಕಿಸಿಕೊಳ್ಳುವುದು, ಕೀಲಿಕೈ ನಾಣ್ಯಗಳಿರುವ ಜೇಬಿಗೋ ಚೀಲಕ್ಕೋ ಹಾಕಿಕೊಳ್ಳುವುದು ಅನಾಹುತವನ್ನು ಕೈಯಾರೆ ಕರೆದಂತೆ. ಹೋಲ್‌ಸ್ಟರ್ ಟ್ರಿಗರಿನ ಸುತ್ತಲ ಭಾಗವನ್ನು ಪೂರ್ತಿ ಮುಚ್ಚಬೇಕು, ಹೊರಗಿನಿಂದ ಒತ್ತಿದರೆ ಬಗ್ಗದಷ್ಟು ಗಡುಸಾಗಿರಬೇಕು, ಪಿಸ್ತೂಲನ್ನು ತೆಗೆದ ಮೇಲೂ ಅದರ ಬಾಯಿ ತೆರೆದೇ ಇರಬೇಕು. ಹಳತಾಗಿ ಮೆತ್ತಗಾದ ಚರ್ಮದ ಹೋಲ್‌ಸ್ಟರಿನ ಅಂಚು ಒಳಕ್ಕೆ ಮಡಚಿಕೊಂಡು, ಪಿಸ್ತೂಲನ್ನು ಮರಳಿ ಇಡುವಾಗ ಟ್ರಿಗರನ್ನು ಒತ್ತಬಲ್ಲದು. ಅಂಗಿಯ ತುದಿ ಸಿಕ್ಕಿಕೊಂಡರೂ ಅದೇ ಅಪಾಯ. ಆದ್ದರಿಂದ ಮರಳಿ ಇಡುವಾಗ ಅವಸರ ಕೂಡದು, ಕಣ್ಣಿನಿಂದ ನೋಡಿಯೇ ಇಡಬೇಕು. ಅಡಗಿಸುವ ಸಮಸ್ಯೆಯ ಬಹುಪಾಲು ಪರಿಹಾರವಾಗುವುದೂ ಇಲ್ಲೇ. ಉಡುಪಿನ ಮೇಲೆ ಎದ್ದು ಕಾಣುವುದು ಹೆಚ್ಚಾಗಿ ಹಿಡಿಕೆಯೇ ಹೊರತು ನಳಿಗೆಯಲ್ಲ. ಗಡುಸಾದ ಬೆಲ್ಟು ಮತ್ತು ಹಿಡಿಕೆಯನ್ನು ಮೈಗೆ ಒತ್ತಿ ಹಿಡಿಯುವ ಹೋಲ್‌ಸ್ಟರ್ ಇದ್ದರೆ ಮಧ್ಯಮ ಗಾತ್ರದ ಪಿಸ್ತೂಲು ಕೂಡ ಸಡಿಲವಾದ ಅಂಗಿಯ ಕೆಳಗೆ ಕಾಣದಂತೆ ಉಳಿಯುತ್ತದೆ.

ಕೊಳ್ಳುವ ಮೊದಲು ತರಬೇತಿ ಕೇಂದ್ರದಲ್ಲಿ, ಬಲ್ಲವರ ಸಮ್ಮುಖದಲ್ಲಿ, ಎರಡು ಮೂರು ಮಾದರಿಗಳನ್ನು ಹಾರಿಸಿ ನೋಡುವ ಅವಕಾಶವಿದ್ದರೆ ಅದನ್ನು ಬಿಡಬಾರದು. ಮೊದಲ ಗುಂಡು ಎಲ್ಲಿ ಬಿತ್ತು ಎಂಬುದಕ್ಕಿಂತ, ಬೇಗ ಬೇಗ ಹಾರಿಸಿದ ನಾಲ್ಕನೆಯ, ಐದನೆಯ ಗುಂಡುಗಳು ಎಲ್ಲಿ ಬಿದ್ದವು ಎಂಬುದನ್ನು ನೋಡಿ ನಿರ್ಧರಿಸಬೇಕು. ಕೊಂಡ ಮೇಲೆ, ನಿತ್ಯ ಜೊತೆಗಿಟ್ಟುಕೊಳ್ಳುವ ಬಗೆಯ ಗುಂಡುಗಳು ಅದೇ ಪಿಸ್ತೂಲಿನಲ್ಲಿ ಎಲ್ಲೂ ಸಿಕ್ಕಿಕೊಳ್ಳದೆ ಸಾಗುತ್ತವೆಯೇ ಎಂದು ಪರೀಕ್ಷಿಸಿಯೇ ಅದನ್ನು ನೆಚ್ಚಬೇಕು. ಸಡಿಲ ಹಿಡಿತದಲ್ಲಿ ಹಾರಿಸಿದಾಗ ಸಿಕ್ಕಿಕೊಳ್ಳುವ ತೊಂದರೆ ಅತಿ ಹಗುರ ಪಿಸ್ತೂಲುಗಳಲ್ಲೇ ಹೆಚ್ಚು.

ಲೇಖನ ಮುಟ್ಟದ ಇನ್ನೊಂದು ಸಂಗತಿಯೂ ಇದೆ. ಮನೆಗೆ ಬಂದು ಮೈಯಿಂದ ತೆಗೆದ ಕ್ಷಣದಿಂದ ಪಿಸ್ತೂಲು ಮಕ್ಕಳ ಕೈಗೆಟುಕದ, ಬೀಗವಿರುವ ಪೆಟ್ಟಿಗೆಯಲ್ಲಿರಬೇಕು. ಕಾನೂನು ಒಪ್ಪುವ ಕಡೆ ಅದನ್ನು ಹೋಲ್‌ಸ್ಟರಿನ ಸಮೇತ, ಗುಂಡು ತೆಗೆಯದೆ ಹಾಗೆಯೇ ಒಳಗಿಡುವುದು ಮೇಲು. ದಿನವೂ ಗುಂಡು ತೆಗೆದು ತುಂಬುವಾಗ ಅಕಸ್ಮಾತ್ತಾಗಿ ಹಾರುವ ಸಂಭವ ಹೆಚ್ಚುವುದಲ್ಲದೆ, ಒಂದೇ ಗುಂಡನ್ನು ಮತ್ತೆ ಮತ್ತೆ ನಳಿಗೆಗೆ ಏರಿಸಿದರೆ ಅದರ ಸೀಸದ ತುದಿ ಕಾಟ್ರಿಜ್‌ನ (ಮದ್ದು ತುಂಬಿದ ಕೊಳವೆಯ) ಒಳಗೆ ಕುಸಿದು, ಸಿಡಿಯುವಾಗ ಒತ್ತಡ ಅಪಾಯಕಾರಿ ಮಟ್ಟಕ್ಕೇರಬಹುದು. ಹಾಗೆ ಗಿಡ್ಡವಾದಂತೆ ಕಾಣುವ ಗುಂಡನ್ನು ಹೊಸದರ ಪಕ್ಕದಲ್ಲಿಟ್ಟು ಹೋಲಿಸಿ ನೋಡಿ, ವ್ಯತ್ಯಾಸ ಕಂಡರೆ ಬಳಕೆಯಿಂದ ತೆಗೆದುಬಿಡಬೇಕು.

ಇಂತಿ ತಮ್ಮ ವಿಶ್ವಾಸಿ,
ಓರ್ವ ಓದುಗ